ಸುಟ್ಟ ಹಾಗಾಗಿದೆ, ಕರೆಂಟ್ ನಿಲ್ಲಿಸಿಬಿಡಲೇ?

ಪ್ರಶ್ನೆ: ನನಗೆ 52 ವರ್ಷ. ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ಈಗ ರೇಡಿಯೇಷನ್, ಅಂದರೆ ಕರೆಂಟ್ ಕೊಡುವುದು, ನಡೆಯುತ್ತಿದೆ. ಮೂರನೇ ವಾರಕ್ಕೆ ಎದೆ, ಕಂಕುಳು ಕಪ್ಪಾಗಿ ಸುಟ್ಟ ಹಾಗಾಗಿವೆ. ರವಿಕೆ ತಾಗಿದರೂ ಉರಿ. ಯಜಮಾನರ ಎದುರು ಬರಲೂ ನಾಚಿಕೆ. ಅತ್ತೆ ಅರಿಶಿನ ಹಚ್ಚು ಅನ್ನುತ್ತಾರೆ. ಮೊಮ್ಮಗುವನ್ನು ಎತ್ತಿಕೊಳ್ಳಲು ಭಯ. ಉಳಿದ ಕರೆಂಟ್ ಬಿಟ್ಟುಬಿಡಲೇ?

ಉತ್ತರ: ಇಷ್ಟೆಲ್ಲ ತಡೆದುಕೊಂಡು ಬಂದಮೇಲೆ, ಬಚ್ಚಲಲ್ಲಿ ನಿಮ್ಮ ಮೈಯನ್ನು ನೀವೇ ನೋಡಿಕೊಳ್ಳಲಾಗದಿದ್ದರೆ ಸಾಕಪ್ಪಾ ಸಾಕು ಅನ್ನಿಸದೆ ಇದ್ದೀತೇ? ಅನ್ನಿಸಲಿ. ಅದಕ್ಕೆ ಅಪರಾಧಿ ಭಾವ ಬೇಡ.

ಆದರೆ ಚರ್ಮ ಕಪ್ಪಾಯಿತೆಂದರೆ ಚಿಕಿತ್ಸೆ ಕೆಟ್ಟಿತೆಂದಲ್ಲ. ಕಿರಣಗಳು ಚರ್ಮವನ್ನು ದಾಟಿಯೇ ಒಳಹೋಗಬೇಕು. ಆಗ ಚರ್ಮದ ತಳಪದರದಲ್ಲಿ ಹೊಸ ಕೋಶಗಳು ಹುಟ್ಟುವುದು ತಡವಾಗುತ್ತದೆ. ನಮ್ಮಂಥ ಮೈಬಣ್ಣದವರಲ್ಲಿ ಕೆಂಪಿಗಿಂತ ಕಪ್ಪೇ ಎದ್ದು ಕಾಣುತ್ತದೆ. ಕೊನೆಯ ಸಿಟ್ಟಿಂಗ್ ಮುಗಿದ ಮೇಲೂ ಒಂದೆರಡು ವಾರ ಇದು ಹೆಚ್ಚಬಹುದು, ಗಾಬರಿಯಾಗಬೇಡಿ ಎಂದು ಈಗಲೇ ಹೇಳಿಬಿಡುತ್ತೇನೆ. ಆಮೇಲೆ ಕೆಲವು ವಾರಗಳಲ್ಲಿ ಮಾಯುತ್ತದೆ. ಬಣ್ಣ ತಿಳಿಯಾಗಲು ಮಾತ್ರ ತಿಂಗಳುಗಳೇ ಬೇಕು.

ನೀವಾಗಿ ನಡುವೆ ನಿಲ್ಲಿಸಬೇಡಿ. ಉಳಿದಿರಬಹುದಾದ ಕ್ಯಾನ್ಸರ್ ಕೋಶಗಳಿಗೆ ಚೇತರಿಸಿಕೊಳ್ಳಲು ಸಮಯ ಸಿಕ್ಕಂತಾಗುತ್ತದೆ. ಬಿಡುವು ಬೇಕೋ ಬೇಡವೋ ವೈದ್ಯರು ಹೇಳಲಿ. ನಾಳೆ ಮೆಷಿನ್ ಹತ್ತುವ ಮೊದಲು ಟೆಕ್ನಿಷಿಯನ್‌ಗೋ ನರ್ಸಿಗೋ ಸೆರಗು ಸರಿಸಿ ತೋರಿಸಿ. ದಿನಾ ಇದನ್ನೇ ನೋಡುವವರು, ಅವರೆದುರು ಸಂಕೋಚವೇಕೆ? ಉರಿಗೆ ಮುಲಾಮನ್ನೂ ಅವರಿಂದಲೇ ಕೇಳಿ ಪಡೆಯಿರಿ.

ಅತ್ತೆಯ ಅರಿಶಿನದಲ್ಲಿ ಅಕ್ಕರೆಯಿದೆ. ಅದು ಸದ್ಯ ಸಾರಿಗಿರಲಿ, ಎದೆಗೆ ಬೇಡ. ಪೌಡರ್, ಐಸು, ಬಿಸಿ ಶಾಖ, ಕಂಕುಳಿಗೆ ಬ್ಲೇಡು ಇವೂ ಬೇಡ. ಉಗುರುಬೆಚ್ಚಗಿನ ನೀರು, ಸೌಮ್ಯವಾದ ಸೋಪು ಸಾಕು. ಆಸ್ಪತ್ರೆಯಲ್ಲಿ ಹಾಕಿದ ಗುರುತಿನ ಗೆರೆಗಳನ್ನು ಉಜ್ಜದೆ, ಹಳೆಯ ಹತ್ತಿ ಪಂಚೆಯಿಂದ ಒತ್ತಿ ಒತ್ತಿ ನೀರು ಹೀರಿಸಿ. ಬಿಗಿ ರವಿಕೆ ಬಿಟ್ಟು, ಮನೆಯಲ್ಲಿರುವಾಗ ಸಡಿಲವಾದ ಹತ್ತಿ ನೈಟಿ ಹಾಕಿಕೊಳ್ಳಿ. ಚರ್ಮ ಕಿತ್ತು ನೀರು ಒಸರಿದರೆ, ಕೀವು, ವಾಸನೆ, ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಿ.

ಮೊಮ್ಮಗುವನ್ನು ಧಾರಾಳವಾಗಿ ಎತ್ತಿಕೊಳ್ಳಿ. ಹೊರಗಿನ ಮೆಷಿನ್ನಿನಿಂದ ಕೊಡುವ ಕಿರಣ ಮೈಯಲ್ಲಿ ಉಳಿಯುವುದಿಲ್ಲ, ಮಗುವಿಗೆ ತಗಲುವುದೂ ಇಲ್ಲ. ಉರಿಯಿಲ್ಲದ ಮಗ್ಗುಲಿಗೆ ಎತ್ತಿಕೊಂಡರೆ ಆಯಿತು.

ಇನ್ನು ಯಜಮಾನರು. ನೀವು ಬಾಗಿಲು ಹಾಕಿಕೊಂಡರೆ ಅವರಿಗೆ ಏನೂ ತಿಳಿಯದೆ, ಕೇಳಲೂ ಅಂಜಿ ಸುಮ್ಮನಿದ್ದಾರು. ಮುಲಾಮು ಹಚ್ಚಲು ಒಮ್ಮೆ ಕರೆಯಿರಿ. ಆಗಲೂ ಮನಸ್ಸಿನ ಭಾರ ಇಳಿಯದಿದ್ದರೆ, ನಿದ್ದೆ ಬಾರದಿದ್ದರೆ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.