ಜಾಲತಾಣದ ಆಯ್ಕೆ: ಉಚಿತ ಬ್ಲಾಗೋ, ಶುಲ್ಕ ತೆರುವ ನಿರ್ಮಾಣ ಸೇವೆಯೋ?

ಹೊರನಾಡಿನ ಕನ್ನಡ ಸಂಘಗಳು, ಸಣ್ಣ ಉದ್ಯಮಿಗಳು ಹಾಗೂ ಬರಹಗಾರರು ತಮ್ಮ ಚಟುವಟಿಕೆಗಳನ್ನು ಜನರಿಗೆ ತಿಳಿಸಲು ಬಹುಕಾಲ ಕರಪತ್ರ, ವಾರ್ಷಿಕ ಸಂಚಿಕೆ ಮತ್ತು ಅಂಚೆ ಕಾರ್ಡುಗಳನ್ನು ಅವಲಂಬಿಸಿದ್ದರು. ಇಂದು ಆ ಕಾರ್ಯದ ಬಹುಭಾಗವನ್ನು ಜಾಲತಾಣವೊಂದು ನಿರ್ವಹಿಸಬಲ್ಲದು. ಮುಂಬಯಿಯ ಮಾಟುಂಗದಲ್ಲಿ ನಡೆಯಲಿರುವ ನಾಟಕದ ವಿವರ ಅದೇ ದಿನ ಠಾಣೆ, ಡೊಂಬಿವಲಿಗಳ ಕನ್ನಡಿಗರನ್ನು ತಲುಪುತ್ತದೆ. ಸಂಘದ ಹಳೆಯ ಸ್ಮರಣ ಸಂಚಿಕೆಯನ್ನು ದೆಹಲಿಯಲ್ಲಿರುವ ಸಂಶೋಧಕರೂ ಓದಬಹುದು. ಜಾಲತಾಣವನ್ನು ರಚಿಸಲು ಗಣಕಯಂತ್ರದ ಭಾಷೆಗಳನ್ನು ಕಲಿತಿರಲೇಬೇಕೆಂಬ ಕಾಲವೂ ಕಳೆದುಹೋಗಿದೆ.

ಆದರೆ ಹೊಸದಾಗಿ ಜಾಲತಾಣ ಆರಂಭಿಸುವವರ ಮುಂದೆ ಮೊದಲ ದಿನವೇ ಒಂದು ಪ್ರಶ್ನೆ ಎದುರಾಗುತ್ತದೆ. ಉಚಿತವಾಗಿ ದೊರೆಯುವ ಬ್ಲಾಗ್ ಸೇವೆ ಸಾಕೇ, ಅಥವಾ ಶುಲ್ಕ ತೆತ್ತು ವೆಬ್‌ಸೈಟ್ ಬಿಲ್ಡರ್ ಎಂಬ ನಿರ್ಮಾಣ ಸೇವೆಯನ್ನು ಪಡೆಯಬೇಕೇ? ಅನೇಕರು ಕೇವಲ ಖರ್ಚನ್ನು ಲೆಕ್ಕ ಹಾಕಿ ಇದಕ್ಕೆ ಉತ್ತರ ಕಂಡುಕೊಳ್ಳುತ್ತಾರೆ. ಖರ್ಚಿಗಿಂತ ಮುಖ್ಯವಾದ ಎರಡು ವಿಷಯಗಳಿವೆ. ಜಾಲತಾಣದ ವಿಳಾಸ ಯಾರ ಅಧೀನದಲ್ಲಿದೆ ಎಂಬುದು ಒಂದು. ಅದರಲ್ಲಿರುವ ಬರಹ ಮತ್ತು ಚಿತ್ರಗಳನ್ನು ಬೇಕಾದಾಗ ಹೊರತೆಗೆಯಲು ಸಾಧ್ಯವೇ ಎಂಬುದು ಇನ್ನೊಂದು.

ಎರಡು ಬಗೆಯ ಸೇವೆಗಳು

ಬ್ಲಾಗ್ ಎಂದರೆ ದಿನಾಂಕದ ಕ್ರಮದಲ್ಲಿ ಲೇಖನಗಳನ್ನು ಪ್ರಕಟಿಸುವ ಜಾಲತಾಣ. ಹೊಸ ಬರಹ ಮೇಲೆ, ಹಳೆಯ ಬರಹ ಕೆಳಗೆ ಇರುವುದು ಇದರ ರೂಢಿ. ಬ್ಲಾಗರ್ ಎಂಬ ಸೇವೆ 1999ರಲ್ಲಿ ಆರಂಭವಾಯಿತು. 2003ರಲ್ಲಿ ಗೂಗಲ್ ಸಂಸ್ಥೆ ಅದನ್ನು ತನ್ನದಾಗಿಸಿಕೊಂಡಿತು. ವರ್ಡ್‌ಪ್ರೆಸ್ ತಂತ್ರಾಂಶ 2003ರಲ್ಲಿ ಹೊರಬಂದಿತು. ಅದನ್ನು ಆಧರಿಸಿದ ವರ್ಡ್‌ಪ್ರೆಸ್ ಡಾಟ್ ಕಾಮ್ ಎಂಬ ಸೇವೆ 2005ರಲ್ಲಿ ಆರಂಭವಾಯಿತು. ಇವುಗಳಲ್ಲಿ ಹಣ ಕೊಡದೆಯೇ ಬ್ಲಾಗ್ ತೆರೆಯಬಹುದು.

ವೆಬ್‌ಸೈಟ್ ಬಿಲ್ಡರ್ ಎಂದರೆ ಸಿದ್ಧ ವಿನ್ಯಾಸಗಳನ್ನು ಮುಂದಿಟ್ಟು, ಪರದೆಯ ಮೇಲೆಯೇ ಚಿತ್ರ, ಬರಹ, ಗುಂಡಿಗಳನ್ನು ಬೇಕಾದ ಕಡೆ ಜೋಡಿಸಲು ಅನುಕೂಲ ಕಲ್ಪಿಸುವ ಸೇವೆ. ಸ್ಕ್ವೇರ್‌ಸ್ಪೇಸ್ ಮತ್ತು 2006ರಲ್ಲಿ ಸ್ಥಾಪಿತವಾದ ವಿಕ್ಸ್ ಈ ಬಗೆಯವು. ಜಾಲತಾಣವನ್ನು ಇರಿಸುವ ಸ್ಥಳ, ಭದ್ರತೆ, ವಿನ್ಯಾಸ, ಅಂಗಡಿಯ ವ್ಯವಸ್ಥೆ ಇವೆಲ್ಲವನ್ನೂ ಅವು ಒಂದೇ ಶುಲ್ಕದಲ್ಲಿ ಒದಗಿಸುತ್ತವೆ. ಶುಲ್ಕವನ್ನು ತಿಂಗಳಿಗೆ ಅಥವಾ ವರ್ಷಕ್ಕೆ ಒಮ್ಮೆಯಂತೆ, ಜಾಲತಾಣ ಇರುವಷ್ಟು ಕಾಲವೂ ತೆರಬೇಕಾಗುತ್ತದೆ.

ಇವೆರಡರ ನಡುವೆ ಮೂರನೆಯ ಮಾರ್ಗವೂ ಇದೆ. ವರ್ಡ್‌ಪ್ರೆಸ್ ತಂತ್ರಾಂಶವನ್ನು ಉಚಿತವಾಗಿ ಪಡೆದು, ಬಾಡಿಗೆಯ ಸರ್ವರ್‌ನಲ್ಲಿ ಅಳವಡಿಸಿಕೊಳ್ಳಬಹುದು. ಇದರಲ್ಲಿ ಸ್ವಾತಂತ್ರ್ಯ ಹೆಚ್ಚು. ಆದರೆ ತಂತ್ರಾಂಶದ ಹೊಸ ಆವೃತ್ತಿಗಳನ್ನು ಕಾಲಕಾಲಕ್ಕೆ ಅಳವಡಿಸುವ ಮತ್ತು ಭದ್ರತೆಯನ್ನು ನೋಡಿಕೊಳ್ಳುವ ಹೊಣೆ ಮಾಲೀಕರ ಮೇಲೆಯೇ ಬೀಳುತ್ತದೆ. ಆ ಕೆಲಸ ಬಲ್ಲವರು ಇಲ್ಲದ ಸಂಸ್ಥೆಗೆ ಈ ಮಾರ್ಗ ಸೂಕ್ತವಲ್ಲ.

'ಉಚಿತ' ಎಂಬುದರ ಅರ್ಥ

ಉಚಿತ ಸೇವೆಗಳೆಲ್ಲ ಒಂದೇ ಸಮನಾಗಿಲ್ಲ. ಬ್ಲಾಗರ್‌ನಲ್ಲಿ ಸ್ವಂತ ವಿಳಾಸವನ್ನು ಜೋಡಿಸಲು ಆ ಸಂಸ್ಥೆ ಪ್ರತ್ಯೇಕ ಶುಲ್ಕ ಪಡೆಯುವುದಿಲ್ಲ. ಮಾಲೀಕರು ಬಯಸಿದರೆ ಮಾತ್ರ ಜಾಹೀರಾತುಗಳು ಕಾಣಿಸುತ್ತವೆ. ವರ್ಡ್‌ಪ್ರೆಸ್ ಡಾಟ್ ಕಾಮ್‌ನ ಉಚಿತ ಯೋಜನೆಯಲ್ಲಿ ಓದುಗರಿಗೆ ಆ ಸಂಸ್ಥೆಯ ಜಾಹೀರಾತುಗಳು ಕಾಣಿಸಬಹುದು. ಸ್ವಂತ ವಿಳಾಸ ಬೇಕಾದರೆ ಶುಲ್ಕದ ಯೋಜನೆಗೆ ಹೋಗಬೇಕು. ವಿಕ್ಸ್ ಸಹ ಉಚಿತ ಯೋಜನೆಯನ್ನು ನೀಡುತ್ತದೆಯಾದರೂ ಅದರಲ್ಲಿ ಸಂಸ್ಥೆಯ ಹೆಸರಿನ ಫಲಕ ಪುಟದ ಮೇಲೆ ಉಳಿಯುತ್ತದೆ, ಸ್ವಂತ ವಿಳಾಸವನ್ನು ಜೋಡಿಸಲಾಗುವುದಿಲ್ಲ.

ಉಚಿತ ಸೇವೆಯು ಖಾತೆಯೊಂದಿಗೆ ಬೆಸೆದುಕೊಂಡಿರುತ್ತದೆ ಎಂಬುದನ್ನೂ ಗಮನಿಸಬೇಕು. ಗೂಗಲ್ ಸಂಸ್ಥೆ 2023ರಲ್ಲಿ ಪ್ರಕಟಿಸಿದ ನೀತಿಯಂತೆ, 2 ವರ್ಷಗಳ ಕಾಲ ಬಳಸದೆ ಬಿಟ್ಟ ವೈಯಕ್ತಿಕ ಖಾತೆಯನ್ನೂ ಅದರಲ್ಲಿರುವ ಸಾಮಗ್ರಿಯನ್ನೂ ಅಳಿಸಿಹಾಕಬಹುದು. ಹಿರಿಯ ಲೇಖಕರೊಬ್ಬರು ನಿಧನರಾದ ಮೇಲೆ ಅವರ ಖಾತೆಯ ಗುಪ್ತಪದ ಮನೆಯವರಿಗೆ ತಿಳಿದಿಲ್ಲವಾದರೆ, ಅವರು ಬರೆದಿಟ್ಟ ಬರಹಗಳ ಗತಿಯೇನು ಎಂಬ ಪ್ರಶ್ನೆ ಆಗ ಏಳುತ್ತದೆ.

ಶುಲ್ಕ ತೆತ್ತರೆ ದೊರೆಯುವುದೇನು?

ಶುಲ್ಕದ ಸೇವೆಯಲ್ಲಿ ವಿನ್ಯಾಸ ಅಚ್ಚುಕಟ್ಟಾಗಿರುತ್ತದೆ. ಸದಸ್ಯತ್ವದ ಅರ್ಜಿ, ಕಾರ್ಯಕ್ರಮದ ಟಿಕೆಟು, ಸರಕುಗಳ ಪಟ್ಟಿ, ಹಣ ಪಾವತಿ ಮೊದಲಾದವುಗಳಿಗೆ ಸಿದ್ಧ ವ್ಯವಸ್ಥೆ ಇರುತ್ತದೆ. ತೊಂದರೆಯಾದಾಗ ವಿಚಾರಿಸಲು ಸಹಾಯ ವಿಭಾಗವೂ ಇರುತ್ತದೆ. ನಿತ್ಯ ಹತ್ತಾರು ಗ್ರಾಹಕರೊಡನೆ ವ್ಯವಹರಿಸುವವರಿಗೆ ಈ ಅನುಕೂಲಗಳು ಕೊಟ್ಟ ಹಣಕ್ಕೆ ತಕ್ಕ ಬೆಲೆಯುಳ್ಳವು.

ಆದರೆ ಖರ್ಚನ್ನು ಒಂದು ತಿಂಗಳಿಗಲ್ಲ, 5 ವರ್ಷಗಳಿಗೆ ಲೆಕ್ಕ ಹಾಕಬೇಕು. ಉದಾಹರಣೆಗೆ ಸೇವೆಯೊಂದರ ಶುಲ್ಕ ತಿಂಗಳಿಗೆ 400 ರೂಪಾಯಿ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 4,800 ರೂಪಾಯಿ, 5 ವರ್ಷಗಳಿಗೆ 24,000 ರೂಪಾಯಿ ಆಗುತ್ತದೆ. ಶೇಕಡ 18ರ ಸರಕು ಮತ್ತು ಸೇವಾ ತೆರಿಗೆ ಸೇರಿ ಒಟ್ಟು 28,320 ರೂಪಾಯಿ. ಇದಕ್ಕೆ ಬದಲಾಗಿ ಉಚಿತ ಬ್ಲಾಗಿಗೆ ಸ್ವಂತ ವಿಳಾಸವನ್ನು ಮಾತ್ರ ವರ್ಷಕ್ಕೆ 900 ರೂಪಾಯಿಯಂತೆ ಪಡೆದರೆ, ತೆರಿಗೆ ಸೇರಿ 5 ವರ್ಷಗಳಿಗೆ 5,310 ರೂಪಾಯಿ. ನೂರಿನ್ನೂರು ಸದಸ್ಯರ ಚಂದಾದಿಂದ ನಡೆಯುವ ಸಂಘಕ್ಕೆ ಈ ಅಂತರ ಸಣ್ಣದಲ್ಲ. ಮೊದಲ ವರ್ಷದ ರಿಯಾಯಿತಿ ದರಕ್ಕೂ ನವೀಕರಣದ ದರಕ್ಕೂ ಬಹಳ ವ್ಯತ್ಯಾಸವಿರುವುದುಂಟು. ಆದ್ದರಿಂದ ನವೀಕರಣದ ದರವನ್ನು ಮೊದಲೇ ಕೇಳಿ ತಿಳಿಯಬೇಕು.

ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ ಏರ್ಪಾಡು ಮಾಡಿದ್ದರೆ, ಕಡಿತಕ್ಕೆ ಮುನ್ನ ಬ್ಯಾಂಕಿನಿಂದ ಸೂಚನೆ ಬರುತ್ತದೆ. ಕಾರ್ಡಿನ ಅವಧಿ ಮುಗಿದಿದ್ದರೆ ಅಥವಾ ಸೂಚನೆ ಹಿಂದಿನ ಕಾರ್ಯದರ್ಶಿಯ ದೂರವಾಣಿಗೆ ಹೋದರೆ ನವೀಕರಣ ತಪ್ಪಿ, ಜಾಲತಾಣ ಸ್ಥಗಿತವಾಗುವ ಸಂಭವವಿದೆ.

ವಿಳಾಸ ಯಾರದು?

ಜಾಲತಾಣದ ವಿಳಾಸವನ್ನು ಡೊಮೇನ್ ಹೆಸರು ಎನ್ನುತ್ತಾರೆ. ಭಾರತದ '.ಇನ್' ಹೆಸರುಗಳ ನಿರ್ವಹಣೆಯನ್ನು 'ನಿಕ್ಸಿ' ಎಂದು ಪರಿಚಿತವಾದ ಭಾರತೀಯ ರಾಷ್ಟ್ರೀಯ ಅಂತರಜಾಲ ವಿನಿಮಯ ಸಂಸ್ಥೆ ನೋಡಿಕೊಳ್ಳುತ್ತದೆ. ಅದರ ಮಾನ್ಯತೆ ಪಡೆದ ನೋಂದಣಿದಾರರ ಮೂಲಕ ಹೆಸರನ್ನು ಪಡೆಯಬಹುದು. ಕನ್ನಡ ಲಿಪಿಯಲ್ಲಿಯೇ '.ಭಾರತ' ಎಂದು ಕೊನೆಗೊಳ್ಳುವ ಹೆಸರುಗಳಿಗೂ ಅವಕಾಶವಿದೆ.

ಸೇವಾ ಸಂಸ್ಥೆಯ ಹೆಸರಿನೊಡನೆ ಅಂಟಿಕೊಂಡಿರುವ ಉಚಿತ ವಿಳಾಸ ಬಾಡಿಗೆ ಮನೆಯ ವಿಳಾಸವಿದ್ದಂತೆ. ಮನೆ ಬದಲಿಸಿದರೆ ವಿಳಾಸವೂ ಬದಲಾಗುತ್ತದೆ. ಆಹ್ವಾನ ಪತ್ರಿಕೆಗಳಲ್ಲಿ, ಪುಸ್ತಕಗಳ ಬೆನ್ನುಪುಟಗಳಲ್ಲಿ ಅಚ್ಚಾದ ಹಳೆಯ ವಿಳಾಸ ನಿರುಪಯೋಗಿಯಾಗುತ್ತದೆ. ಸ್ವಂತ ಡೊಮೇನ್ ಹೆಸರಿದ್ದರೆ ಇಂದು ಉಚಿತ ಬ್ಲಾಗಿಗೆ, ನಾಳೆ ಶುಲ್ಕದ ಸೇವೆಗೆ ಅದೇ ಹೆಸರನ್ನು ಜೋಡಿಸಬಹುದು. ಓದುಗರಿಗೆ ಬದಲಾವಣೆಯ ಅರಿವೂ ಆಗುವುದಿಲ್ಲ.

ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂಬುದನ್ನು ತಪ್ಪದೆ ಪರಿಶೀಲಿಸಬೇಕು. ಜಾಲತಾಣ ರಚಿಸಿಕೊಡುವ ವ್ಯಕ್ತಿ ತನ್ನ ಹೆಸರಿನಲ್ಲಿಯೇ ನೋಂದಾಯಿಸಿಕೊಂಡರೆ, ಮುಂದೆ ಭಿನ್ನಾಭಿಪ್ರಾಯ ಬಂದಾಗ ಸಂಸ್ಥೆಯು ತನ್ನ ವಿಳಾಸವನ್ನೇ ಕಳೆದುಕೊಳ್ಳಬೇಕಾದೀತು. ನವೀಕರಣದ ದಿನಾಂಕವೂ ಅಷ್ಟೇ ಮುಖ್ಯ. ಅವಧಿ ಮೀರಿದ ಹೆಸರು ಕೊನೆಗೆ ಬೇರೆಯವರ ಪಾಲಾಗಬಹುದು.

ಸೇವೆ ನಿಂತುಹೋದರೆ?

ಹಣ ಕೊಟ್ಟ ಮಾತ್ರಕ್ಕೆ ಜಾಲತಾಣ ಶಾಶ್ವತವಾಗುವುದಿಲ್ಲ. ಜಿಯೋಸಿಟೀಸ್ ಎಂಬ ಉಚಿತ ಸೇವೆ 1994ರಲ್ಲಿ ಅಮೆರಿಕದಲ್ಲಿ ಆರಂಭವಾಗಿ ಅಪಾರ ಜನಪ್ರಿಯತೆ ಗಳಿಸಿತು. 1999ರಲ್ಲಿ ಯಾಹೂ ಸಂಸ್ಥೆ ಅದನ್ನು ಕೊಂಡುಕೊಂಡಿತು. 2009ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಅದನ್ನು ಮುಚ್ಚಲಾಯಿತು. ಸ್ವಯಂಸೇವಕರು ಕೈಗೆ ಸಿಕ್ಕಷ್ಟು ಪುಟಗಳ ಪ್ರತಿ ಮಾಡಿಟ್ಟುಕೊಂಡರು, ಉಳಿದವು ನಾಶವಾದವು. ಇನ್ನೊಂದೆಡೆ, 2003ರಲ್ಲಿ ಆರಂಭವಾದ ಟೈಪ್‌ಪ್ಯಾಡ್ ಬಳಕೆದಾರರಿಂದ ಶುಲ್ಕ ಪಡೆಯುತ್ತಿದ್ದ ಬ್ಲಾಗ್ ಸೇವೆ. ಅದೂ 2025ರ ಸೆಪ್ಟೆಂಬರ್ 30ರಂದು ಮುಚ್ಚಿಹೋಯಿತು. ಎರಡು ದಶಕಗಳ ಬರಹವಿದ್ದವರಿಗೂ ಅದನ್ನು ಹೊರತೆಗೆಯಲು ದೊರೆತದ್ದು ಕೆಲವೇ ವಾರಗಳ ಕಾಲಾವಕಾಶ.

ಆದ್ದರಿಂದ ಯಾವ ಸೇವೆಯನ್ನು ಆಯ್ದುಕೊಂಡರೂ ಸಾಮಗ್ರಿಯನ್ನು ಹೊರತೆಗೆಯುವ 'ಎಕ್ಸ್‌ಪೋರ್ಟ್' ಸೌಲಭ್ಯವಿದೆಯೇ ಎಂದು ನೋಡಬೇಕು. ಬ್ಲಾಗರ್ ಮತ್ತು ವರ್ಡ್‌ಪ್ರೆಸ್‌ಗಳಲ್ಲಿ ಎಲ್ಲ ಲೇಖನಗಳನ್ನು ಒಂದು ಕಡತವಾಗಿ ಇಳಿಸಿಕೊಳ್ಳಬಹುದು. ಸ್ಕ್ವೇರ್‌ಸ್ಪೇಸ್ ಬ್ಲಾಗ್ ಲೇಖನ ಮತ್ತು ಕೆಲವು ಬಗೆಯ ಪುಟಗಳಿಗೆ ಮಾತ್ರ ಈ ಅವಕಾಶ ನೀಡುತ್ತದೆ. ವಿಕ್ಸ್‌ನಲ್ಲಿ ರಚಿಸಿದ ಜಾಲತಾಣವನ್ನು ಇಡಿಯಾಗಿ ಬೇರೊಂದು ಸ್ಥಳಕ್ಕೆ ಒಯ್ಯಲು ಬರುವುದಿಲ್ಲ. ಈ ಒಂದು ವಿಷಯದಲ್ಲಿ ಉಚಿತ ಬ್ಲಾಗ್ ಶುಲ್ಕದ ಸೇವೆಗಿಂತ ಹೆಚ್ಚು ಅನುಕೂಲಕರವೆನ್ನಬಹುದು. ಛಾಯಾಚಿತ್ರಗಳ ಮೂಲ ಪ್ರತಿಗಳನ್ನು ಮಾತ್ರ ಎರಡೂ ಸಂದರ್ಭಗಳಲ್ಲಿ ಪ್ರತ್ಯೇಕವಾಗಿ ಕಾಪಾಡಿಕೊಳ್ಳಬೇಕು.

ಕನ್ನಡದ ಅಗತ್ಯಗಳು

ಕನ್ನಡ ಲಿಪಿಗೆ 1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿದೆ. ಯೂನಿಕೋಡ್‌ನಲ್ಲಿರುವ ಬರಹವನ್ನು ಯಾವ ಗಣಕಯಂತ್ರದಲ್ಲಾದರೂ ಓದಬಹುದು, ಶೋಧ ಯಂತ್ರಗಳ ಮೂಲಕ ಹುಡುಕಬಹುದು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಸಂಚಿಕೆಗಳನ್ನು ಹಾಗೆಯೇ ನಕಲು ಮಾಡಿ ಹಾಕಿದರೆ ಪರದೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಮೂಡುತ್ತವೆ. ಅಂಥ ಬರಹವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಕರಡು ತಿದ್ದಿ, ಅನಂತರ ಪ್ರಕಟಿಸಬೇಕು.

ಶುಲ್ಕದ ಸೇವೆಗಳ ಸುಂದರ ವಿನ್ಯಾಸಗಳು ಹೆಚ್ಚಾಗಿ ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದವು. ಸಾಲುಗಳ ನಡುವಣ ಅಂತರ ಕಡಿಮೆಯಿದ್ದರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಗಲುತ್ತವೆ. ಹಣ ಪಾವತಿಸುವ ಮುನ್ನ ಪ್ರಯೋಗಾರ್ಥವಾಗಿ 'ಸ್ವಾತಂತ್ರ್ಯ', 'ವೈಶಿಷ್ಟ್ಯ', 'ಅರ್ಘ್ಯ' ಮುಂತಾದ ಪದಗಳಿರುವ ಪುಟವೊಂದನ್ನು ರಚಿಸಿ, ಮೊಬೈಲ್ ಮತ್ತು ಗಣಕಯಂತ್ರ ಎರಡರಲ್ಲಿಯೂ ನೋಡುವುದು ಒಳ್ಳೆಯದು.

ಮೂರು ಸಂದರ್ಭಗಳು

ಪುಣೆಯಲ್ಲಿ ನೆಲೆಸಿದ ನಿವೃತ್ತ ಅಧ್ಯಾಪಕರೊಬ್ಬರು ತಮ್ಮ ಪ್ರಬಂಧಗಳನ್ನು ಪ್ರಕಟಿಸಬಯಸುತ್ತಾರೆ ಎಂದು ಭಾವಿಸೋಣ. ಅವರಿಗೆ ಬೇಕಾದುದು ಬರಹ, ಒಂದೆರಡು ಚಿತ್ರ, ಓದುಗರ ಪ್ರತಿಕ್ರಿಯೆ. ಉಚಿತ ಬ್ಲಾಗ್ ಇದಕ್ಕೆ ಧಾರಾಳವಾಗಿ ಸಾಕು. ಗುಪ್ತಪದವನ್ನು ಮನೆಯ ಒಬ್ಬರಿಗೆ ತಿಳಿಸಿ, ವರ್ಷಕ್ಕೆರಡು ಬಾರಿ ಪ್ರತಿಯನ್ನು ಇಳಿಸಿಟ್ಟುಕೊಂಡರೆ ಚಿಂತೆಯಿಲ್ಲ.

ಹೈದರಾಬಾದಿನಲ್ಲಿ ಚಟ್ನಿಪುಡಿ, ಹಪ್ಪಳ, ಉಪ್ಪಿನಕಾಯಿ ತಯಾರಿಸಿ ಮಾರುವ ಗೃಹಿಣಿಯ ಸಂದರ್ಭ ಬೇರೆ. ವಾರಕ್ಕೆ ಐದಾರು ಬೇಡಿಕೆಗಳಿರುವವರೆಗೆ ಬೆಲೆಪಟ್ಟಿ, ದೂರವಾಣಿ ಸಂಖ್ಯೆ ಮತ್ತು ಯುಪಿಐ ಪಾವತಿಯ ಚೌಕಾಕಾರದ ಸಂಕೇತಚಿತ್ರವಿರುವ ಉಚಿತ ಪುಟವೇ ಸಾಕು. ಬೇಡಿಕೆ ಹೆಚ್ಚಿ, ದಾಸ್ತಾನು ಮತ್ತು ರವಾನೆಯ ಲೆಕ್ಕ ಇಡುವುದು ಕಷ್ಟವಾದಾಗ ಅಂಗಡಿಯ ಸೌಲಭ್ಯವುಳ್ಳ ಶುಲ್ಕದ ಸೇವೆಗೆ ಹೋಗುವುದು ಉಚಿತ. ಆರಂಭದಲ್ಲಿಯೇ ಸ್ವಂತ ಹೆಸರನ್ನು ನೋಂದಾಯಿಸಿದ್ದರೆ ಗ್ರಾಹಕರು ದಾರಿ ತಪ್ಪುವುದಿಲ್ಲ.

ಚೆನ್ನೈಯ ಕನ್ನಡ ಸಂಘವೊಂದಕ್ಕೆ ವರದಿ, ಛಾಯಾಚಿತ್ರ ಮತ್ತು ಹಳೆಯ ಸಂಚಿಕೆಗಳ ಸಂಗ್ರಹವೇ ಮುಖ್ಯವಾದರೆ ಸ್ವಂತ ಹೆಸರಿನೊಡನೆ ಉಚಿತ ಬ್ಲಾಗ್ ಸೂಕ್ತ. ಆನ್‌ಲೈನ್ ಸದಸ್ಯತ್ವ, ಟಿಕೆಟು ಮಾರಾಟ ಅಗತ್ಯವಿದ್ದರೆ ಶುಲ್ಕದ ಸೇವೆಯನ್ನು ಪರಿಗಣಿಸಬಹುದು. ಸದಸ್ಯರ ಮನೆ ವಿಳಾಸ, ದೂರವಾಣಿ ಸಂಖ್ಯೆಗಳ ಪಟ್ಟಿಯನ್ನು ಯಾವುದೇ ಜಾಲತಾಣದಲ್ಲಿ ಸಾರ್ವಜನಿಕವಾಗಿ ಪ್ರಕಟಿಸುವುದು ತರವಲ್ಲ. ವ್ಯಕ್ತಿಗಳ ಡಿಜಿಟಲ್ ಮಾಹಿತಿಯ ರಕ್ಷಣೆಗಾಗಿ ಸಂಸತ್ತು 2023ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಅಂಗೀಕರಿಸಿದೆ.

ನಿರ್ಧಾರಕ್ಕೆ ಮುನ್ನ ಗಮನಿಸಬೇಕಾದ ಅಂಶಗಳು

1. ಜಾಲತಾಣದಿಂದ ಆಗಬೇಕಾದ ಕೆಲಸವನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳಬೇಕು. ಓದಿಸುವುದಷ್ಟೇ ಉದ್ದೇಶವಾದರೆ ಉಚಿತ ಬ್ಲಾಗ್. ಹಣದ ವ್ಯವಹಾರ ನಿತ್ಯದ್ದಾದರೆ ಶುಲ್ಕದ ಸೇವೆ.

2. ಡೊಮೇನ್ ಹೆಸರನ್ನು ವ್ಯಕ್ತಿಯ ಅಥವಾ ಸಂಸ್ಥೆಯ ಸ್ವಂತ ಹೆಸರಿನಲ್ಲಿಯೇ ನೋಂದಾಯಿಸಬೇಕು.

3. ನವೀಕರಣದ ದರ ಮತ್ತು ತೆರಿಗೆ ಸೇರಿ 5 ವರ್ಷಗಳ ಖರ್ಚನ್ನು ಲೆಕ್ಕ ಹಾಕಬೇಕು.

4. ಸಾಮಗ್ರಿಯನ್ನು ಹೊರತೆಗೆಯುವ ಸೌಲಭ್ಯವನ್ನು ಎರಡು ಮೂರು ಪುಟಗಳನ್ನು ರಚಿಸಿ ಪರೀಕ್ಷಿಸಬೇಕು.

5. ಖಾತೆಯನ್ನು ಒಬ್ಬ ಸದಸ್ಯರ ಖಾಸಗಿ ಇಮೇಲ್‌ನಲ್ಲಿ ತೆರೆಯದೆ ಸಂಸ್ಥೆಯ ಇಮೇಲ್‌ನಲ್ಲಿ ತೆರೆಯಬೇಕು. ಕನಿಷ್ಠ ಇಬ್ಬರಿಗೆ ನಿರ್ವಾಹಕರ ಅಧಿಕಾರವಿರಬೇಕು.

ಸಂಘಗಳಲ್ಲಿ ಪದಾಧಿಕಾರಿಗಳು ಬದಲಾಗುವಾಗ ಲೆಕ್ಕಪತ್ರ, ಮೊಹರು, ಬೀಗದ ಕೈಗಳನ್ನು ಹೊಸಬರಿಗೆ ಒಪ್ಪಿಸುವ ಪದ್ಧತಿಯಿದೆ. ಜಾಲತಾಣದ ಖಾತೆ, ನವೀಕರಣದ ದಿನಾಂಕ ಮತ್ತು ಪ್ರತಿಗಳನ್ನಿಟ್ಟ ಸ್ಥಳ ಇವುಗಳೂ ಆ ಪಟ್ಟಿಗೆ ಸೇರಬೇಕು. ಗುಪ್ತಪದವನ್ನು ಹೊರತುಪಡಿಸಿ ಉಳಿದ ವಿವರಗಳನ್ನು ಕಾರ್ಯಕಾರಿ ಸಮಿತಿಯ ನಡಾವಳಿ ಪುಸ್ತಕದಲ್ಲಿ ದಾಖಲಿಸಿ, ಅಧಿಕಾರ ವಹಿಸಿಕೊಡುವ ದಿನವೇ ಗುಪ್ತಪದವನ್ನು ಬದಲಾಯಿಸಿದರೆ, ಸೇವೆ ಉಚಿತವೇ ಇರಲಿ ಶುಲ್ಕದ್ದೇ ಇರಲಿ, ಸಂಘದ ಸಂಗ್ರಹ ಮುಂದಿನವರ ಕೈಗೆ ಸುರಕ್ಷಿತವಾಗಿ ತಲುಪುತ್ತದೆ.