ಕಡಲ ದಾರಿಯ ಕಟ್ಟಳೆ

ಕಬ್ಬಿನ ಹಂಗಾಮಿನಲ್ಲಿ ಅಥಣಿ, ಕೊಕಟನೂರ ಕಡೆಯ ರಸ್ತೆಗಳಲ್ಲಿ ಕಬ್ಬು ಹೇರಿದ ಎರಡು ಟ್ರ್ಯಾಕ್ಟರುಗಳು ಎದುರಾದರೆ, ಎರಡೂ ತಮ್ಮ ಎಡಕ್ಕೆ ಸರಿದು ಹಾದುಹೋಗುತ್ತವೆ. ಅಲ್ಲಿ ರಸ್ತೆಗೆ ಅಂಚುಂಟು, ಬಂಡಿಗೆ ಬ್ರೇಕುಂಟು. ಕಡಲಲ್ಲಿ ಇವೆರಡೂ ಇಲ್ಲ. ಸರಕು ತುಂಬಿದ ದೊಡ್ಡ ಹಡಗು ಯಂತ್ರ ನಿಲ್ಲಿಸಿದ ಮೇಲೂ ಬಹುದೂರ ಸಾಗುತ್ತದೆ. ಆದುದರಿಂದ ಎದುರಿನವನು ಏನು ಮಾಡುವನೆಂಬುದು ಮೊದಲೇ ತಿಳಿದಿರಬೇಕು. ದೇಶ ಬೇರೆ, ಭಾಷೆ ಬೇರೆಯಾದ ನಾವಿಕರಿಗೆ ಆ ತಿಳಿವನ್ನು ಕೊಡುವುದು 1972ರಲ್ಲಿ ಲಂಡನ್ನಿನಲ್ಲಿ ಒಪ್ಪಿತವಾದ ಅಂತರರಾಷ್ಟ್ರೀಯ ನಿಯಮಾವಳಿ. ಇದು 1977ರ ಜುಲೈ 15ರಂದು ಜಾರಿಗೆ ಬಂದಿತು. ಭಾರತವೂ ಇದನ್ನು ಒಪ್ಪಿದೆ.

ಯಂತ್ರದಿಂದ ನಡೆಯುವ ಎರಡು ಹಡಗುಗಳು ಎದುರುಬದುರಾದರೆ ಎರಡೂ ತಮ್ಮ ಬಲಕ್ಕೆ ತಿರುಗಬೇಕು. ಭಾರತದ ರಸ್ತೆಗಳ ರೂಢಿಗೆ ಇದು ವಿರುದ್ಧ. ಒಂದನ್ನೊಂದು ಅಡ್ಡಹಾಯುವಾಗ ಯಾವುದಕ್ಕೆ ಇನ್ನೊಂದು ತನ್ನ ಬಲಗಡೆಯಲ್ಲಿ ಕಾಣುವುದೋ ಅದು ದಾರಿ ಬಿಡಬೇಕು. ಮತ್ತೊಂದು ದಿಕ್ಕನ್ನೂ ವೇಗವನ್ನೂ ಬದಲಿಸದೆ ಸಾಗಬೇಕು. ಇಬ್ಬರೂ ಉಪಚಾರಕ್ಕೆ ನಿಂತರೆ ಗೊಂದಲವೇ ಹೆಚ್ಚು. ಇರುಳಿನಲ್ಲಿ ಹಡಗಿನ ಎಡಮಗ್ಗುಲಲ್ಲಿ ಕೆಂಪು ದೀಪ, ಬಲಮಗ್ಗುಲಲ್ಲಿ ಹಸಿರು ದೀಪ ಉರಿಯುತ್ತಿರುತ್ತದೆ. ಹೀಗಾಗಿ, ಬಲಗಡೆಯಿಂದ ಅಡ್ಡಬರುವ ಹಡಗಿನ ಕೆಂಪು ದೀಪವೇ ನಾವಿಕನ ಕಣ್ಣಿಗೆ ಬೀಳುತ್ತದೆ.

ಅಪಾಯವನ್ನು ಅರಿಯುವ ಉಪಾಯ ಸರಳವಾದುದು. ದೂರದ ದೀಪವನ್ನು ದಿಕ್ಸೂಚಿಯಿಂದ ಮತ್ತೆ ಮತ್ತೆ ಗುರುತಿಸಿದಾಗ ಅದು ಹತ್ತಿರವಾಗುತ್ತಿದ್ದರೂ ಅದರ ದಿಕ್ಕು ಬದಲಾಗದಿದ್ದರೆ, ಡಿಕ್ಕಿ ಸಂಭವಿಸಬಹುದೆಂದೇ ತಿಳಿಯಬೇಕು. ಕದಲದೆ ನಿಂತಂತೆ ತೋರುವ ದೀಪವೇ ಅಂಜಬೇಕಾದ ದೀಪ!

ಬಲೆ ಎಳೆಯುತ್ತಿರುವ ದೋಣಿಯು ಥಟ್ಟನೆ ತಿರುಗಲಾರದು. ಆದುದರಿಂದ ಸಾಗುತ್ತಿರುವ ಯಂತ್ರದ ಹಡಗು, ತಾನೆಷ್ಟೇ ದೊಡ್ಡದಿರಲಿ, ಅದಕ್ಕೆ ದಾರಿ ಬಿಡತಕ್ಕದ್ದು. ಇರುಳಿನಲ್ಲಿ ಅಂಥ ದೋಣಿಯು ಬಿಳಿಯ ದೀಪದ ಮೇಲೊಂದು ಹಸಿರು ದೀಪವನ್ನು ಹೊತ್ತಿಸಿ ತನ್ನ ಕೆಲಸವನ್ನು ಸಾರುತ್ತದೆ. ಬಲೆ ಎತ್ತಿ ದಡಕ್ಕೆ ಮರಳುವಾಗ ಈ ಮನ್ನಣೆ ಅದಕ್ಕಿಲ್ಲ.

ಇದೆಲ್ಲ ನಡೆಯುವುದು ನೋಡುವ ಕಣ್ಣಿದ್ದರೆ ಮಾತ್ರ. ಪ್ರತಿಯೊಂದು ಹಡಗೂ ಎಲ್ಲ ಹೊತ್ತಿನಲ್ಲಿಯೂ ಕಣ್ಣಿನಿಂದಲೂ ಕಿವಿಯಿಂದಲೂ ಕಾವಲಿರಬೇಕೆಂದು ಐದನೆಯ ನಿಯಮವು ವಿಧಿಸುತ್ತದೆ. ರಾಡಾರ್ ಇದ್ದ ಮಾತ್ರಕ್ಕೆ ಈ ಹೊಣೆ ತಪ್ಪದು. ಸಣ್ಣ ದೋಣಿಯ ಗುರುತು ಅಲೆಗಳ ಗುರುತಿನಲ್ಲಿ ಅಡಗಿಹೋಗಬಹುದು. ದೋಣಿಗೂ ಇದೇ ಕಟ್ಟಳೆ.

ಕರ್ನಾಟಕದ ಪಡುವಣ ಕಡಲಿನಲ್ಲಿ ದೂರದೇಶಗಳ ಹಡಗುಗಳ ದಾರಿಯೂ ಮೀನುಗಾರರ ದಾರಿಯೂ ಒಂದನ್ನೊಂದು ಹಾಯುತ್ತವೆ. 2021ರ ಏಪ್ರಿಲ್ 13ರ ನಡುರಾತ್ರಿ ಕಳೆದ ಮೇಲೆ, ಮಂಗಳೂರಿನಿಂದ ಪಶ್ಚಿಮಕ್ಕೆ ಸುಮಾರು 40 ನಾಟಿಕಲ್ ಮೈಲು ದೂರದಲ್ಲಿ, ಕೇರಳದ ಬೇಪೂರಿನಿಂದ ಹೊರಟಿದ್ದ 'ರಬಾಹ್' ಎಂಬ ಮೀನುಗಾರಿಕೆ ದೋಣಿಗೂ ಸಿಂಗಪುರದ ಧ್ವಜ ಹೊತ್ತ ಸರಕು ಹಡಗಿಗೂ ಡಿಕ್ಕಿಯಾಯಿತು. ದೋಣಿ ಮುಳುಗಿತು. ಕರಾವಳಿ ರಕ್ಷಣಾ ಪಡೆಯೂ ನೌಕಾಪಡೆಯೂ ಹುಡುಕಾಡಿದವು. ಮುಳುಗುಗಾರರು ಕಡಲಿನ ಆಳಕ್ಕಿಳಿದರು. ದೋಣಿಯಲ್ಲಿದ್ದ 14 ಮಂದಿಯಲ್ಲಿ ಬದುಕಿ ಬಂದವರು ಇಬ್ಬರು.