ಮೊದಲ ಮಾತೂ ಕೊನೆಯ ಮಾತೂ ವಿಶ್ರಾಂತಿ

ಮನೆಯಲ್ಲಿ ಒಬ್ಬರು ತೀರಿಕೊಂಡಾಗ ಗಾಯನ ವೃಂದದವರು ಬಂದು, "ಪೂಜೆಗೆ ಯಾವ ಹಾಡು ಹಾಡೋಣ?" ಎಂದು ಕೇಳುತ್ತಾರೆ. ಅಳುವಿನ ನಡುವೆ ನಮಗೆ ಉತ್ತರ ಹೊಳೆಯುವುದಿಲ್ಲ. "ನೀವೇ ಯಾವುದಾದರೂ ಹಾಡಿ" ಎಂದು ಬಿಡುತ್ತೇವೆ. ಆದರೆ ಪ್ರಶ್ನೆ ಸಣ್ಣದಲ್ಲ. ಮರಣದ ಬಗ್ಗೆ ನಾವು ನಂಬುವುದೇನು ಎಂಬುದು ಆ ದಿನ ನಾವು ಹಾಡುವ ಹಾಡಿನಲ್ಲಿ ತಿಳಿಯುತ್ತದೆ.

ನೂರಾರು ವರ್ಷ ಮೃತರ ಪೂಜೆಯನ್ನು ಧರ್ಮಸಭೆ ಲ್ಯಾಟಿನ್ ಭಾಷೆಯಲ್ಲಿ ಹಾಡಿತು. ಅದರ ಮೊದಲ ಪದ 'ರೆಕ್ವಿಯೆಮ್', ಅಂದರೆ ವಿಶ್ರಾಂತಿ. ಹೀಗೆ ಆ ಪೂಜೆಯ ಸಂಗೀತಕ್ಕೂ ಅದೇ ಹೆಸರು ಬಂತು. ಅಂತಿಮ ತೀರ್ಪಿನ ದಿನವನ್ನು ವರ್ಣಿಸುವ 'ದಿಯೆಸ್ ಇರೆ', ಅಂದರೆ 'ಕ್ರೋಧದ ದಿನ' ಎಂಬ ದೀರ್ಘ ಗೀತೆಯೂ ಆ ಪೂಜೆಯಲ್ಲಿತ್ತು. 1837ರಲ್ಲಿ ಫ್ರಾನ್ಸಿನ ಬರ್ಲಿಯೋಜ್, 1874ರಲ್ಲಿ ಇಟಲಿಯ ವೆರ್ಡಿ ಈ ಗೀತೆಗೆ ಕಹಳೆ, ನಗಾರಿಗಳ ಆರ್ಭಟ ಕೊಟ್ಟರು. ಕೇಳಿದವರ ಎದೆ ನಡುಗುತ್ತದೆ.

ಗೇಬ್ರಿಯೆಲ್ ಫೋರೆ ಬೇರೆ ದಾರಿ ಹಿಡಿದರು. ಒಂಬತ್ತನೆಯ ವಯಸ್ಸಿನಿಂದಲೇ ಪ್ಯಾರಿಸ್ಸಿನ ಒಂದು ಸಂಗೀತ ಶಾಲೆಯಲ್ಲಿ ದೇವಾಲಯ ಸಂಗೀತವನ್ನೂ ಪುರಾತನ ಗ್ರೆಗೋರಿಯನ್ ಗಾನವನ್ನೂ ಕಲಿತವರು ಅವರು. ಮುಂದೆ ಅದೇ ನಗರದ ಮದಲೇನ್ ದೇವಾಲಯದಲ್ಲಿ ಗಾಯನ ವೃಂದವನ್ನು ನಡೆಸುತ್ತಿದ್ದರು. ಎಷ್ಟೋ ಅಂತ್ಯಸಂಸ್ಕಾರಗಳಿಗೆ ಸಂಗೀತ ನೀಡಿದ್ದರು. ತಂದೆ 1885ರಲ್ಲಿ ತೀರಿಕೊಂಡರು. ತಾಯಿ 1887ರ ಕೊನೆಯ ದಿನ ಕಣ್ಣು ಮುಚ್ಚಿದರು. 1888ರ ಜನವರಿಯಲ್ಲಿ ಅವರ 'ರೆಕ್ವಿಯೆಮ್' ಅದೇ ದೇವಾಲಯದಲ್ಲಿ, ಒಬ್ಬರ ಅಂತ್ಯಸಂಸ್ಕಾರದ ಪೂಜೆಯಲ್ಲಿ ಮೊದಲ ಬಾರಿ ಕೇಳಿಬಂತು.

ಅದರ ಶೈಲಿಯನ್ನು ಗಮನಿಸಿ. ವಾದ್ಯಗಳು ಕೆಲವೇ: ಆರ್ಗನ್, ಹಾರ್ಪ್, ತಗ್ಗಿನ ಸ್ವರದ ತಂತಿವಾದ್ಯಗಳು, ಒಂದೇ ಒಂದು ವಯೊಲಿನ್, ಮೃದುವಾಗಿ ನುಡಿಯುವ ನಗಾರಿ. ಮೇಲಿನ ಸ್ವರಗಳನ್ನು ಬಾಲಕರು ಹಾಡಿದರು. ಕ್ರೋಧದ ದಿನದ ಆ ದೀರ್ಘ ಗೀತೆಯನ್ನು ಫೋರೆ ಬಿಟ್ಟರು. ಅದರ ಕೊನೆಯಲ್ಲಿ ದಯಾಮಯ ಯೇಸುವನ್ನು ಬೇಡುವ ಪುಟ್ಟ ಪ್ರಾರ್ಥನೆಯನ್ನು ಮಾತ್ರ ಉಳಿಸಿಕೊಂಡು, ಒಂಟಿ ಬಾಲಕನ ಕಂಠಕ್ಕೆ ಒಪ್ಪಿಸಿದರು.

ಹಾಗಾದರೆ ಅವರು ತೀರ್ಪನ್ನು ಮರೆತರೇ? ಇಲ್ಲ. ಮುಂದೆ ಸೇರಿಸಿದ 'ಲಿಬೆರಾ ಮೆ' ಎಂಬ ಭಾಗದಲ್ಲಿ, ಆ ದಿನ ನನ್ನನ್ನು ಬಿಡಿಸು ಎಂದು ಒಬ್ಬ ಪುರುಷ ನಡುಗುತ್ತಾ ಬೇಡುತ್ತಾನೆ. ಆದರೆ ಭಯ ಅಲ್ಲಿಗೇ ಮುಗಿಯುವುದಿಲ್ಲ, ಭರವಸೆಗೆ ದಾರಿ ಬಿಡುತ್ತದೆ. ಕೊನೆಯ ಭಾಗ 'ಇನ್ ಪರದಿಸುಮ್'. ಪಾರ್ಥಿವ ಶರೀರವನ್ನು ಸಮಾಧಿಗೆ ಒಯ್ಯುವಾಗ ಹಾಡುವ ಹಳೆಯ ಪ್ರಾರ್ಥನೆ ಅದು. ದೇವದೂತರು ಆತ್ಮವನ್ನು ಪರಲೋಕಕ್ಕೆ ಕರೆದೊಯ್ಯಲಿ, ಬಡ ಲಾಜರನ ಜೊತೆ ಅದಕ್ಕೆ ನೆಮ್ಮದಿ ಸಿಗಲಿ ಎಂಬುದು ಅದರ ಭಾವ. ಆ ಪ್ರಾರ್ಥನೆಯ ಕೊನೆಯ ಪದವೂ 'ರೆಕ್ವಿಯೆಮ್'! ವಿಶ್ರಾಂತಿಯಿಂದ ಆರಂಭವಾದ ಗಾನ ವಿಶ್ರಾಂತಿಯಲ್ಲೇ ಮುಗಿಯುತ್ತದೆ. 1924ರಲ್ಲಿ ಫೋರೆಯವರ ಅಂತ್ಯಸಂಸ್ಕಾರದಲ್ಲೂ ಇದನ್ನೇ ಹಾಡಿದರು.

ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ, 1969ರಲ್ಲಿ ಬಂದ ಅಂತ್ಯಸಂಸ್ಕಾರದ ವಿಧಿ ಕ್ರೈಸ್ತನ ಮರಣವನ್ನು ಪುನರುತ್ಥಾನದ ಬೆಳಕಿನಲ್ಲಿ ನೋಡಲು ಕಲಿಸಿತು. ಮೃತರ ಪೂಜೆಯಿಂದ 'ದಿಯೆಸ್ ಇರೆ' ಹೊರಗುಳಿಯಿತು. ದೇವದೂತರ ಪ್ರಾರ್ಥನೆ ಉಳಿಯಿತು.

ಈ ವಾರ ಒಂದು ಸಂಜೆ, ಜಪಸರದ ನಂತರ, ಮನೆಯವರೆಲ್ಲ ಕುಳಿತು ಮಾತನಾಡಿ. ನಮ್ಮಲ್ಲಿ ಒಬ್ಬರು ಹೊರಟಾಗ ಯಾವ ಹಾಡು ಹಾಡಬೇಕು? ಅದರಲ್ಲಿ ನಮ್ಮ ದುಃಖ ಮಾತ್ರ ಇದೆಯೇ, ಪ್ರಭುವಿನ ವಾಗ್ದಾನವೂ ಇದೆಯೇ? ಅಜ್ಜ ಅಜ್ಜಿಯರನ್ನೂ ಕೇಳಿ. ಅವರ ಮನಸ್ಸಿನಲ್ಲಿ ಒಂದು ಹಾಡು ಆಗಲೇ ಇದ್ದೀತು. ಅದನ್ನು ಬರೆದು ಬೈಬಲಿನೊಳಗೆ ಇಡಿ. ಕಣ್ಣೀರಿನ ದಿನ ಬಂದಾಗ ನಿಮ್ಮ ವಿಶ್ವಾಸಕ್ಕೆ ಮಾತು ಸಿಗುತ್ತದೆ.